ದೊಡ್ಡ ನ್ಯೂಸ್ ಸೈಟ್‌ಗಳ ಆರ್‌ಎಸ್‌ಎಸ್ ಫೀಡ್ ಯಾಕಿಷ್ಟು ಕೆಟ್ಟದಾಗಿರುತ್ತೆ?

ಸುದ್ದಿಪ್ರಿಯ:
ಆರ್‌ಎಸ್‌ಎಸ್ ರೀಡರ್‌ನಲ್ಲಿ (ಸೈಟ್‌ಗಳು ಕೊಡೋ ಹೊಸ ಸುದ್ದಿಗಳ ಪಟ್ಟಿ, ಅಂದ್ರೆ ಫೀಡ್, ಅದನ್ನ ಒಂದೇ ಕಡೆ ತಂದು ತೋರಿಸೋ ಆ್ಯಪ್) ಸುದ್ದಿ ಓದೋರು ಇನ್ನೂ ಯಾರಾದ್ರೂ ಇದೀರಾ? ಒಂದು ದೊಡ್ಡ ಸೈಟಿನ ಫೀಡ್ ಹಾಕ್ಕೊಂಡಿದೀನಿ, ಓದಿ ಮುಗಿಸಿದ್ ಸುದ್ದಿನೇ ಮತ್ತೆ ಹೊಸದು ಅಂತ ಬಂದು ಕೂರುತ್ತೆ, ಹಳೇದಕ್ಕೂ ಇವತ್ತಿನ ಡೇಟು, ತೆಗೆದು ನೋಡಿದ್ರೆ ಒಂದೂವರೆ ಸಾಲು ಆಮೇಲೆ ‘ಮುಂದೆ ಓದಿ’. ಈಗ ಅದಕ್ಕೂ ಕಲ್ಲು ಬಿತ್ತು, ಬರೀ ಎರರ್. ರೀಡರ್ ಬದಲಾಯಿಸಿದ್ರೂ ಅದೇ ಕತೆ. ಒಬ್ಬರೇ ಕೂತು ಬರೆಯೋ ಬ್ಲಾಗ್‌ಗಳ ಫೀಡ್ ಅಚ್ಚುಕಟ್ಟಾಗಿದೆ, ಇಷ್ಟೊಂದು ಇಂಜಿನಿಯರ್‌ಗಳನ್ನ ಇಟ್ಕೊಂಡೋರಿಗೆ ಆಗಲ್ವಾ?

ಕೋಡುಬಳ್ಳಿ:
ರಿಪೀಟ್ ಆಗೋದಕ್ಕೆ ಸಾಮಾನ್ಯವಾಗಿ ಕಾರಣ ಜಿಯುಐಡಿ. ಪ್ರತಿ ಸುದ್ದಿಗೂ ಒಂದು ಗುರುತು, ಒಂದ್ಸಲ ಕೊಟ್ರೆ ಮುಗೀತು, ಬದಲಾಗ್ಬಾರ್ದು. ಇವರು ಅಲ್ಲಿ ಪೇಜಿನ ಯುಆರ್‌ಎಲ್ ತುರುಕ್ತಾರೆ, ಯುಆರ್‌ಎಲ್ ಹುಟ್ಟೋದು ಹೆಡ್‌ಲೈನಿಂದ, ಡೆಸ್ಕಲ್ಲಿ ಯಾರೋ ಹೆಡ್‌ಲೈನ್ ತಿದ್ದಿದ್ರೆ ಗುರುತೂ ಹೊಸದಾಯ್ತು, ರೀಡರ್ ಪಾಪ ಏನ್ ಮಾಡುತ್ತೆ. ಆರ್‌ಎಸ್‌ಎಸ್ 2.0 ಬಂದಿದ್ದು 2002ರಲ್ಲಿ, ಅದರಲ್ಲಿ ಜಿಯುಐಡಿ ಕಡ್ಡಾಯನೇ ಅಲ್ಲ, ಡೇಟ್‌ಗೂ ಸುದ್ದಿಗೊಂದು ಪಬ್‌ಡೇಟ್ (ಪ್ರಕಟವಾದ ಟೈಮ್) ಅಷ್ಟೇ, ತಿದ್ದಿದ ಟೈಮನ್ನೂ ಅಲ್ಲೇ ಹಾಕಿಬಿಡ್ತಾರೆ. ಆರ್‌ಎಸ್‌ಎಸ್ ಥರದ್ದೇ ಇನ್ನೊಂದು ಫೀಡ್ ಮಾದರಿ, 2005ರ ಆಟಮ್‌ನಲ್ಲಿ ಇದನ್ನೆಲ್ಲ ಸರಿಮಾಡಿದ್ರು: ಐಡಿ ಕಡ್ಡಾಯ, ಪ್ರಕಟವಾದ ಟೈಮ್ ಬೇರೆ ಅಪ್‌ಡೇಟ್ ಆದ ಟೈಮ್ ಬೇರೆ. ಬಳಸ್ಬೇಕಲ್ಲ!

ರಾತ್ರಿಪಾಳಿ:
ಎರರ್ ಬಗ್ಗೆ. ಫೀಡ್ ಲಿಂಕನ್ನ ಬ್ರೌಸರಲ್ಲಿ ತೆಗೀರಿ. ಅಲ್ಲಿ ಸರಿಯಾಗಿ ಬಂದು ರೀಡರಲ್ಲಿ ಮಾತ್ರ 403 (‘ಒಳಗೆ ಬಿಡಲ್ಲ’ ಅನ್ನೋ ಎರರ್) ಬಂದ್ರೆ ಅವರ ಬಾಟ್ (ತಾನಾಗೇ ಸೈಟ್ ಓದೋ ಪ್ರೋಗ್ರಾಮ್) ತಡೆಯೋ ವ್ಯವಸ್ಥೆ ನಿಮ್ಮ ರೀಡರನ್ನೇ ಕಳ್ಳ ಅನ್ಕೊಂಡಿದೆ (ಫೀಡ್ ಇರೋದೇ ಪ್ರೋಗ್ರಾಮ್‌ಗಳು ಓದ್ಲಿ ಅಂತ ಅನ್ನೋದು ಇವರಿಗೆ ಯಾರು ಹೇಳ್ಬೇಕೋ). ಬ್ರೌಸರಲ್ಲೂ ಒಡೆದಿದ್ರೆ ಎಕ್ಸ್‌ಎಂಎಲ್ (ಫೀಡ್ ಬರೆಯೋ ಭಾಷೆ) ತಪ್ಪಿದೆ. ವೆಬ್ ಪೇಜ್ ಬರೆಯೋ ಎಚ್‌ಟಿಎಂಎಲ್ ಥರ ಎಕ್ಸ್‌ಎಂಎಲ್ ಅಡ್ಜಸ್ಟ್ ಮಾಡ್ಕೊಳಲ್ಲ, ಒಂದು & ಹಂಗೇ ಬಿಟ್ರೂ ಅಲ್ಲಿಗೇ ನಿಂತೋಗುತ್ತೆ. ಡಬ್ಲ್ಯೂ3ಸಿ ಫೀಡ್ ವ್ಯಾಲಿಡೇಟರ್‌ಗೆ (ಫೀಡಲ್ಲಿ ತಪ್ಪು ಹುಡುಕೋ ಸೈಟು) ಹಾಕಿದ್ರೆ ಯಾವ ಸಾಲು ಅಂತನೂ ಹೇಳುತ್ತೆ.

ಮೂಲೆಮನೆ:
ನನ್ ಪ್ರಕಾರ ಇದು ಬರದೇ ಇರೋ ಕೆಲಸ ಅಲ್ಲ, ಬೇಡದ ಕೆಲಸ. ಫೀಡಲ್ಲಿ ಪೂರ್ತಿ ಸುದ್ದಿ ಕೊಟ್ರೆ ಸೈಟಿಗೆ ಯಾರ್ ಬರ್ತಾರೆ, ಜಾಹೀರಾತು ಯಾರ್ ನೋಡ್ತಾರೆ? ಅದಕ್ಕೇ ಆ ಒಂದೂವರೆ ಸಾಲು. 2013ರಲ್ಲಿ ಗೂಗಲ್ ರೀಡರ್ ಮುಚ್ಚಿದ್ಮೇಲಂತೂ ಫೀಡ್ ಒಡೆದ್ರೆ ಕೇಳೋರೇ ಕಮ್ಮಿ.

ಕೋಡುಬಳ್ಳಿ:
ಒಂದೂವರೆ ಸಾಲಿಗೆ ಒಪ್ದೆ ಗುರು, ಆದ್ರೆ ಒಡೆದ ಎಕ್ಸ್‌ಎಂಎಲ್‌ಗೂ ಜಾಹೀರಾತಿಗೂ ಏನ್ ಸಂಬಂಧ? ಒಡೆದ ಫೀಡಿಂದ ಒಂದು ಕ್ಲಿಕ್ಕೂ ಬರಲ್ಲ. ಅದು ಬರೀ ಸೋಮಾರಿತನ.

ಸುದ್ದಿಪ್ರಿಯ:
ವ್ಯಾಲಿಡೇಟರ್‌ಗೆ ಹಾಕ್ದೆ, & ನೇ! ಒಂದು ಹೆಡ್‌ಲೈನ್ ಒಳಗೆ ಕೂತಿದೆ. ಸಾಲಿನ ನಂಬರ್ ಸಮೇತ ಅವರಿಗೆ ಮೇಲ್ ಹಾಕಿದ್ರೆ ‘ನಮ್ಮ ಆ್ಯಪ್ ಡೌನ್‌ಲೋಡ್ ಮಾಡ್ಕೊಳ್ಳಿ’ ಅಂತ ರಿಪ್ಲೈ ಬಂತು. ಆ ಸುದ್ದಿ ಹಳೇದಾಗಿ ಫೀಡಿಂದ ತಾನಾಗೇ ಉದುರೋವರೆಗೂ ಕಾಯ್ತೀನಿ.