ಪ್ರಶ್ನೋತ್ತರ: ಟೈಪ್ ಎರರ್ ಅರ್ಥ ಆಗೋ ಹಾಗೆ ಬರೆಯೋದು ಹೇಗೆ?

ಪ್ರಶ್ನೆ (ಕಲಬುರಗಿ, ಇಂಜಿನಿಯರಿಂಗ್ ಕೊನೆ ವರ್ಷ): ಸರ್, ಪ್ರಾಜೆಕ್ಟಿಗೆ ಪುಟ್ಟದೊಂದು ಫಂಕ್ಷನಲ್ ಭಾಷೆ ಮಾಡುತ್ತಿದ್ದೇವೆ. ಟೈಪ್ ಚೆಕರ್ (ಸಂಖ್ಯೆ, ಪಠ್ಯ ಇತ್ಯಾದಿ ಟೈಪ್ ಹೊಂದುತ್ತವೋ ಅಂತ ನೋಡೋ ಭಾಗ) ಓಡುತ್ತದೆ, ಆದರೆ ಎರರ್ ಬಂದರೆ ತಲೆಬುಡ ತಿಳಿಯಲ್ಲ. ಹ್ಯಾಸ್ಕೆಲ್ ಅನ್ನೋ ಫಂಕ್ಷನಲ್ ಭಾಷೆಯಲ್ಲೂ ಅದೇ ಪಾಡು. ಇಲ್ಲಿನ ಎಪಿಎಂಸಿಯ ತೊಗರಿ ರೇಟಿನ ಸರಾಸರಿ ತೆಗೆಯೋಣ ಅಂತ ಸಮ್ (ಮೊತ್ತ) ಅನ್ನು ಲೆಂಗ್ತ್‌ನಿಂದ (ಲಿಸ್ಟಿನಲ್ಲಿ ಎಷ್ಟಿವೆ ಅನ್ನೋ ಎಣಿಕೆ) ಭಾಗಿಸಿದರೆ 'ಫ್ರ್ಯಾಕ್ಷನಲ್ ಇಂಟ್‌ಗೆ ಇನ್‌ಸ್ಟೆನ್ಸ್ ಇಲ್ಲ' ಅಂತ ಬಂತು. ಗೆಳೆಯ ಆ ಇನ್‌ಸ್ಟೆನ್ಸ್ ಬರೆಯೋಕೇ ಕೂತ! ನಮ್ಮ ಭಾಷೆಯಲ್ಲಿ ಹೀಗಾಗದಂತೆ ಏನು ಮಾಡಬೇಕು?

ಉತ್ತರ (ಕಂಪೈಲರ್ ಇಂಜಿನಿಯರ್): ಗೆಳೆಯನನ್ನು ಬೈಯಬೇಡಿ, ಆ ದಾರಿ ತೋರಿಸಿದ್ದೇ ಕಂಪೈಲರ್. ಲೆಂಗ್ತ್ ಕೊಡೋದು ಇಂಟ್, ಅಂದರೆ ಪೂರ್ಣಾಂಕ. ಭಾಗಾಕಾರದ ಎರಡೂ ಬದಿ ಒಂದೇ ಟೈಪ್ ಇರಬೇಕು, ಹಾಗಾಗಿ ಸಮ್ ಕೂಡ ಇಂಟ್ ಆಯಿತು, ಆದರೆ ಭಾಗಾಕಾರ ಕೇಳೋದು ಫ್ರ್ಯಾಕ್ಷನಲ್, ಅಂದರೆ ಭಿನ್ನರಾಶಿ ಹಿಡಿಸೋ ಟೈಪ್‌ಗಳ ಗುಂಪಿನದು; ಒಂದು ಟೈಪನ್ನು ಆ ಗುಂಪಿಗೆ ಸೇರಿಸೋ ಕೋಡೇ ಇನ್‌ಸ್ಟೆನ್ಸ್. ಮೆಸೇಜು ಭಾಗಾಕಾರದ ಗುರುತಿಗೆ ಬೆರಳು ಮಾಡುತ್ತದೆ, ಇಂಟ್ ಎಲ್ಲಿಂದ ಬಂತು ಅಂತ ಬಾಯಿ ಬಿಡಲ್ಲ. ಈಗ ಮೇಲೆ ಒಂದು ಸಾಲು ಸಿಗ್ನೇಚರ್ ಹಾಕಿ: ಡಬಲ್‌ಗಳ (ದಶಮಾಂಶ ಸಂಖ್ಯೆಗಳ) ಲಿಸ್ಟ್ ತಗೊಂಡು ಡಬಲ್ ಕೊಡುತ್ತದೆ ಅಂತ. ಕೋಡ್ ಅದೇ, ಆದರೆ ಎರರ್ ಸೀದಾ ಲೆಂಗ್ತ್ ಮೇಲೆ ಬರುತ್ತದೆ: ಡಬಲ್ ಬೇಕಿತ್ತು, ಇಂಟ್ ಸಿಕ್ಕಿತು. ಅಲ್ಲಿ ಪೂರ್ಣಾಂಕವನ್ನು ಬೇಕಾದ ಸಂಖ್ಯೆ ಟೈಪಿಗೆ ಬದಲಿಸೋ ಫ್ರಮ್‌ಇಂಟಿಗ್ರಲ್ ಹಾಕಿದರೆ ಮುಗೀತು.

ನಿಮ್ಮ ಟೈಪ್ ಚೆಕರ್‌ನಲ್ಲಿರೋದು ಅಲ್ಗಾರಿದಮ್ ಡಬ್ಲ್ಯೂ (ಟೈಪ್ ಬರೆಯದಿದ್ದರೂ ತಾನೇ ಕಂಡುಹಿಡಿಯೋ ವಿಧಾನ) ಇರಬೇಕು ಅಲ್ವಾ? ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ಕೊಟ್ಟದ್ದು. ಅದು ಕೋಡ್ ಓದುತ್ತಾ ಹೋದಂತೆ ಯೂನಿಫೈ ಮಾಡುತ್ತದೆ (ಎರಡು ಟೈಪ್ ಒಂದೇ ಆಗುವಂತೆ ಹೊಂದಿಸುತ್ತದೆ), ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲೇ ದೂರು ಹೇಳುತ್ತದೆ, ನಿಜವಾದ ತಪ್ಪು ಎಷ್ಟೋ ಸಾಲು ಮೇಲಿದ್ದರೂ. ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಮಿಚೆಲ್ ವಾಂಡ್ 1986ರಲ್ಲೇ ಉಪಾಯ ಹೇಳಿದ್ದಾರೆ: ಪ್ರತಿ ಯೂನಿಫಿಕೇಶನ್ ಜೊತೆ ಅದರ ಕಾರಣವನ್ನೂ ಇಟ್ಟುಕೊಳ್ಳಿ. ಅಂದರೆ ಬರೀ 'ಈ ಟೈಪ್, ಆ ಟೈಪ್ ಒಂದೇ' ಅಂತಲ್ಲ; ಯಾವ ಸಾಲು, ಯಾವ ಕಾಲಂ, ಆರ್ಗ್ಯುಮೆಂಟ್ ಆಗಿ ಬಂತೋ ಇಫ್‌ನ ಕವಲಿನಿಂದ ಬಂತೋ, ಎಲ್ಲವೂ. ಮೆಮೊರಿ ಜಾಸ್ತಿ ಹೋಗುತ್ತದೆ, ಹೋಗಲಿ.

ಪ್ರಶ್ನೆ (ಬೀದರ್): ಎಲ್ಮ್ ಭಾಷೆಯ ಕಂಪೈಲರ್ ತರಹ ಸ್ನೇಹದಿಂದ ಮಾತಾಡಿಸಿದರೆ ಸಾಕಲ್ವಾ?

ಉತ್ತರ: ಸಾಲಲ್ಲ. ಎಲ್ಮ್ 2015ರಿಂದ ಮೆಸೇಜಿಗೆ ಚೆನ್ನಾಗಿ ದುಡಿದಿದೆ, ನಿಜ. ಬಳಕೆದಾರ ಬರೆದ ಕೋಡನ್ನೇ ಎದುರಿಗಿಟ್ಟು ಸುಳಿವು ಕೊಡುತ್ತದೆ. ಆದರೆ ಅಲ್ಲಿ ಹ್ಯಾಸ್ಕೆಲ್‌ನಂಥ ಟೈಪ್ ಕ್ಲಾಸ್ (ಫ್ರ್ಯಾಕ್ಷನಲ್ ಥರದ ಟೈಪ್ ಗುಂಪು) ಇಲ್ಲ, ಅರ್ಧ ತಲೆನೋವು ಅಲ್ಲೇ ಕಡಿಮೆ. ಒಳಗೆ ಕಾರಣ ಇಟ್ಟುಕೊಳ್ಳದೆ ಹೊರಗೆ ಸುಮ್ನೆ ಸಿಹಿ ಮಾತಾಡಿದರೆ, ತಪ್ಪು ಜಾಗವನ್ನೇ ನಯವಾಗಿ ತೋರಿಸಿದಂತೆ.

ಕಲಬುರಗಿಯವರು ಇಫ್‌ನಿಂದ ಶುರು ಮಾಡಿ. ಒಂದು ಕವಲು ಸಂಖ್ಯೆ, ಇನ್ನೊಂದು ಸ್ಟ್ರಿಂಗ್ ಆದರೆ ಯಾವುದು ತಪ್ಪು ಅಂತ ಕಂಪೈಲರ್‌ಗೆ ಗೊತ್ತಾಗಲ್ಲ. ಎರಡನೆಯದನ್ನೇ ಬೈಯಬೇಡಿ, ಎರಡೂ ಸಾಲು ತೋರಿಸಿ. ಸಿಕ್ಕಿಕೊಂಡರೆ ಕನ್‌ಸ್ಟ್ರೇಂಟ್ ('ಈ ಟೈಪ್, ಆ ಟೈಪ್ ಒಂದೇ' ಅನ್ನೋ ಷರತ್ತು) ಇಡೋ ಕೋಡನ್ನು ಇಲ್ಲೇ ಹಾಕಿ, ನೋಡುತ್ತೇನೆ.