ನಡುಕವಿಲ್ಲದೆಯೂ ಪಾರ್ಕಿನ್ಸನ್ ಬರುವುದುಂಟೇ?

ಪ್ರಶ್ನೆ:
ನಮ್ಮ ತಂದೆಯವರಿಗೆ 66 ವರ್ಷ. ಒಂದು ವರ್ಷದಿಂದ ಅವರ ಬರವಣಿಗೆ ಸಾಲು ಮುಂದುವರಿದಂತೆ ಚಿಕ್ಕದಾಗುತ್ತಿದೆ, ನಡೆಯುವಾಗ ಬಲಗೈ ಬೀಸುವುದಿಲ್ಲ, ಒಗ್ಗರಣೆಯ ಇಂಗಿನ ವಾಸನೆಯೂ ತಿಳಿಯುತ್ತಿಲ್ಲ. ನರರೋಗ ತಜ್ಞರು ಪಾರ್ಕಿನ್ಸನ್ ಇರಬಹುದೆಂದಿದ್ದಾರೆ. ಆದರೆ ಕೈ ನಡುಗುತ್ತಿಲ್ಲ, ಎಂಆರ್‌ಐ ವರದಿಯೂ ಸಹಜವಾಗಿದೆ. ಇದನ್ನು ನಂಬುವುದು ಹೇಗೆ?

ಉತ್ತರ 1:
ನಡುಕವಿಲ್ಲದೆಯೂ ಬರುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ‘ನಡುಗುವ ಪಾರ್ಶ್ವವಾಯು’ ಎಂದು ವರ್ಣಿಸಿದ್ದರಿಂದಲೋ ಏನೋ, ಜನರ ಮನಸ್ಸಿನಲ್ಲಿ ನಡುಕವೇ ಉಳಿದಿದೆ. ಆದರೆ ರೋಗನಿರ್ಣಯಕ್ಕೆ ಅನಿವಾರ್ಯವಾದದ್ದು ಚಲನೆಯ ನಿಧಾನಗತಿ, ಅದರ ಜೊತೆಗೆ ಸ್ನಾಯುಗಳ ಬಿಗಿತ ಅಥವಾ ವಿಶ್ರಾಂತಿಯಲ್ಲಿರುವಾಗಿನ ನಡುಕ, ಇವೆರಡರಲ್ಲಿ ಒಂದಿದ್ದರೂ ಸಾಕು. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುವುದೇ ಇದರ ಮೂಲ. ಸಾಮಾನ್ಯ ಎಂಆರ್‌ಐಯಲ್ಲಿ ಆ ನಷ್ಟ ಹೆಚ್ಚಾಗಿ ಕಾಣುವುದಿಲ್ಲವಾದ್ದರಿಂದ, ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಅದನ್ನು ಮಾಡಿಸುತ್ತಾರೆ. ವಾಸನೆ ಕುಂದುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬೀಸುವುದು ಹಲವರಲ್ಲಿ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತವೆ.

ಉತ್ತರ 2:
ನಮ್ಮ ಅತ್ತೆಯವರಿಗೂ ಇದೇ ಕಾಯಿಲೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪ ಮಾತ್ರೆಯನ್ನು ಊಟದ ಜೊತೆ ಕೊಡುತ್ತಿದ್ದಾಗ ಅದರ ಪರಿಣಾಮವೇ ಕಾಣುತ್ತಿರಲಿಲ್ಲ. ಬೇಳೆ, ಮೊಸರಿನ ಪ್ರೋಟೀನ್ ಅದರ ಹೀರಿಕೆಗೆ ಅಡ್ಡಿಯಾಗುತ್ತದೆಂದು ವೈದ್ಯರು ವಿವರಿಸಿದ ಮೇಲೆ ಅರ್ಧ ಗಂಟೆ ಮೊದಲೇ ಕೊಡತೊಡಗಿದೆವು. ನಸುಗುನ್ನಿ ಬೀಜದ ಚೂರ್ಣ ಕೊಡಿ ಎನ್ನುವವರು ನಿಮಗೂ ಸಿಗುತ್ತಾರೆ. ಆ ಬೀಜದಲ್ಲಿ ಲೆವೊಡೋಪವೇ ಇರುವುದರಿಂದ, ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆ ಸೇರಿಸಿದರೆ ಪ್ರಮಾಣ ಮಿತಿಮೀರಬಹುದು.

ಪ್ರಶ್ನೆ ಕೇಳಿದವರು:
ತಂದೆಯವರು ನಿದ್ದೆಯಲ್ಲಿ ಕೂಗುವುದನ್ನು ನಾವು ಕೆಟ್ಟ ಕನಸೆಂದೇ ತಿಳಿದಿದ್ದೆವು. ಮುಂದಿನ ಭೇಟಿಯಲ್ಲಿ ಅದನ್ನೂ ವೈದ್ಯರಿಗೆ ತಿಳಿಸುತ್ತೇನೆ.