ಅಪ್ಪನ ಪ್ರೆಸ್, ಮನೆ, ಬುದ್ಧಿಮಾಂದ್ಯ ತಮ್ಮ: ಯಾವ ಕಾಗದ ಮೊದಲು ಮಾಡಿಸಬೇಕು?

ಬೆಟಗೇರಿ_ಪ್ರೆಸ್
ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ಅಪ್ಪನಿಗೆ 74 ವರ್ಷ. ಅವರೊಬ್ಬರ ಹೆಸರಲ್ಲೇ ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ, ಲಗ್ನಪತ್ರಿಕೆ, ಬಿಲ್ ಬುಕ್ಕು ಇಂಥ ಕೆಲಸ. ಮನೆಯೂ ಅವರೇ ದುಡಿದು ಕಟ್ಟಿಸಿದ್ದು. ತಮ್ಮನಿಗೆ 26, ಬುದ್ಧಿಮಾಂದ್ಯತೆ ಇದೆ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಆಗಿದೆ. ಅವನ ಖಾತೆ ವಿಷಯಕ್ಕೆ ಬ್ಯಾಂಕಿಗೆ ಹೋದರೆ "18 ದಾಟಿದೆ, ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ" ಅಂದರು. ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಅವರೇ ಗಾರ್ಡಿಯನ್ ಅಲ್ವಾ? ಇತ್ತ ಸೋದರಮಾವ "ಮನೆ ನಿನ್ನ ಹೆಸರಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಸಿಕೋ, ಪ್ರೆಸ್‌ನಲ್ಲಿ ತಮ್ಮನನ್ನೂ ಪಾಲುದಾರ ಮಾಡು, ಮುಗೀತು" ಅಂತಾರೆ. ತಾವಿಲ್ಲದ ಮೇಲೆ ಇವನ ಗತಿ ಏನು ಅಂತ ಅಪ್ಪ ರಾತ್ರಿ ನಿದ್ದೆ ಮಾಡ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಧಾರವಾಡ_ವಕೀಲೆ
ಮೊದಲು ಗಾರ್ಡಿಯನ್‌ಶಿಪ್, ಉಳಿದದ್ದೆಲ್ಲ ಆಮೇಲೆ. 18 ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಪ್ರಕಾರ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ, ಅದರಲ್ಲಿ ಡಿಸಿ ಇರುತ್ತಾರೆ. ಅಲ್ಲಿಗೆ ಅರ್ಜಿ ಹಾಕಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ, ಈ ನಾಲ್ಕಕ್ಕೆ ಈ ದಾರಿ. ಅಪ್ಪ ಅಮ್ಮ ಇರುವಾಗಲೇ ಮಾಡಿಸಿ, ಮುಂದೆ ನೀವು ಸಂಬಂಧಿಕರಾಗಿ ಅರ್ಜಿ ಹಾಕಬಹುದು.

ಬಕ್ಷೀಸ್ ಪತ್ರದ ಬಗ್ಗೆ ಸ್ವಲ್ಪ ತಾಳ್ಮೆ ಇರಲಿ. ಕೊಟ್ಟವರನ್ನು ನೋಡಿಕೊಳ್ಳಬೇಕು ಅಂತ ಪತ್ರದಲ್ಲಿ ಷರತ್ತು ಬರೆಸಿದ್ದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಎಸಿ (ಉಪವಿಭಾಗಾಧಿಕಾರಿ) ಅವರ ಮುಂದೆ ಹೋಗಿ ರದ್ದು ಮಾಡಿಸಬಹುದು. ಆದರೆ ಅದು ಕೊಟ್ಟ ಹಿರಿಯರ ರಕ್ಷಣೆಗೆ, ನಿಮ್ಮ ತಮ್ಮನ ರಕ್ಷಣೆಗೆ ಅಲ್ಲ! ಇದು ಎಷ್ಟೋ ಮನೆಗಳಲ್ಲಿ ಯಾರ ತಲೆಗೂ ಹೋಗುವುದಿಲ್ಲ. ಮನೆ ಸ್ವಯಾರ್ಜಿತ ಅಂದಿರಿ, ಹಾಗಾದರೆ ಅಪ್ಪ ವಿಲ್ ಬರೆಯಲಿ. ತಮ್ಮ ಬದುಕಿರುವವರೆಗೆ ಆ ಮನೆಯಲ್ಲೇ ಇರುವ ಹಕ್ಕು, ಅವನ ಖರ್ಚಿಗೆ ಯಾವ ಹಣ, ಯಾರ ಉಸ್ತುವಾರಿ, ಎಲ್ಲ ಸ್ಪಷ್ಟವಾಗಿ ಇರಲಿ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಸಿಗುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿ.

ಹುಬ್ಬಳ್ಳಿ_ತಾಯಿ
ನನ್ನ ಮಗಳಿಗೂ ಇದೇ ಸಮಸ್ಯೆ, ಸರ್ಟಿಫಿಕೇಟ್ ಬಂದ ಮೇಲೆ ಬ್ಯಾಂಕಿನಲ್ಲಿ ಮಾತೇ ಬದಲಾಯಿತು. ಒಂದು ವಿಷಯ ಮರೀಬೇಡ್ರಿ ಅಣ್ಣಾರ: ಗಾರ್ಡಿಯನ್ ಆದವರು 6 ತಿಂಗಳೊಳಗೆ ತಾವು ನೋಡಿಕೊಳ್ಳುವವರ ಆಸ್ತಿ, ಸಾಲದ ಪಟ್ಟಿಯನ್ನು ಆ ಸಮಿತಿಗೆ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಪಾಸ್‌ಬುಕ್, ಔಷಧದ ಚೀಟಿ ಎಲ್ಲ ಒಂದು ಫೈಲ್‌ನಲ್ಲಿ ಇಡಿ. ನಿರಾಮಯ ಆರೋಗ್ಯ ವಿಮೆಗೂ ಹಾಕಿ, 1 ಲಕ್ಷದವರೆಗೆ ಇದೆ.

ಬ್ಯಾಡಗಿ_ಲೆಕ್ಕ
ಪ್ರೆಸ್ ವಿಷಯ ನಾನು ಹೇಳ್ತೀನಿ. ಕರಾರು ಅರ್ಥವಾಗದವರನ್ನು ಪಾಲುದಾರ ಮಾಡಿದರೆ ಕಾನೂನಿನಲ್ಲಿ ನಿಲ್ಲುವುದಿಲ್ಲ, ಮಾವನ ಸಲಹೆ ಬಿಟ್ಟುಬಿಡಿ. ಈಗಿನಂತೆ ಅಪ್ಪನೊಬ್ಬರದೇ ಆಗಿ ಉಳಿದರೆ, ಅವರ ನಂತರ ನೀವು ಹೊಸ ಜಿಎಸ್‌ಟಿ ನೋಂದಣಿ ಮಾಡಿಸಬೇಕು (ನೋಂದಣಿ ಇದ್ದರೆ). ಪಾಲುದಾರಿಕೆ ಮಾಡುವುದಾದರೆ ಅಪ್ಪ, ಅಮ್ಮ, ನೀವು, ಮೂವರು ಇರಿ. ಇಬ್ಬರೇ ಇದ್ದು ಒಬ್ಬರು ಹೋದರೆ ಪತ್ರದಲ್ಲಿ ಏನೇ ಬರೆದಿದ್ದರೂ ಉಳಿದವರು ಒಬ್ಬರೇ, ಫರ್ಮ್ ಅಲ್ಲಿಗೇ ಮುಗಿಯುತ್ತದೆ. ಮೂವರಿದ್ದಾಗಲೂ "ಒಬ್ಬರು ತೀರಿದರೆ ವ್ಯಾಪಾರ ಮುಂದುವರಿಯುತ್ತದೆ" ಅನ್ನುವ ಸಾಲು ಇರಲೇಬೇಕು.

ಬೆಟಗೇರಿ_ಪ್ರೆಸ್
ಎಲ್ಲರಿಗೂ ಧನ್ಯವಾದ. ವಕೀಲರ ಫೀಸು ಜಾಸ್ತಿ ಆಗುತ್ತಾ ಮೇಡಂ? ಪ್ರೆಸ್‌ನಲ್ಲಿ ಈಗ ಮೊದಲಿನ ಹಾಗೆ ಕೆಲಸ ಇಲ್ಲ.

ಧಾರವಾಡ_ವಕೀಲೆ
ತಮ್ಮನ ಹೆಸರಲ್ಲಿ ಕಾನೂನು ನೆರವು ಉಚಿತ, ವಿಕಲಚೇತನರಿಗೆ ಆದಾಯದ ಮಿತಿ ಇಲ್ಲ. ಗದಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಯುಡಿಐಡಿ ಕಾರ್ಡ್ ತೆಗೆದುಕೊಂಡು ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ವಿಲ್ ಮಾತ್ರ ಅಪ್ಪನ ಕೆಲಸ, ಅದರ ಕರಡನ್ನು ಅವರ ಎದುರಿಗೇ ಕನ್ನಡದಲ್ಲೇ ಬರೆಸಿ, ಅವರೇ ಪೂರ್ತಿ ಓದಿ ಸಹಿ ಹಾಕಲಿ.